ಮನೆಯ ಇಂಟರ್‌ನೆಟ್: ಅಲೆಗಿಂತ ತಂತಿಯ ಮೇಲೆ ಗಮನವಿರಲಿ

ಹನೂರು ತಾಲ್ಲೂಕಿನ ರಾಮಾಪುರದಂತಹ ಊರುಗಳ ಮನೆಗಳಿಗೂ ಈಗ ಇಂಟರ್‌ನೆಟ್ ಬಂದಿದೆ. ಅದರ ಹಿಂದೆಯೇ ವೈದ್ಯರಿಗೊಂದು ಪ್ರಶ್ನೆಯೂ ಬರುತ್ತದೆ: 'ಡಾಕ್ಟ್ರೇ, ವೈ-ಫೈ ಹಾಕಿಸಿದರೆ ಮಕ್ಕಳಿಗೆ ಕ್ಯಾನ್ಸರ್ ಬರುವುದಿಲ್ಲವೇ?'

ವೈ-ಫೈ ಪೆಟ್ಟಿಗೆ, ಅಂದರೆ ರೂಟರ್, ಹೊರಸೂಸುವುದು ರೇಡಿಯೋ ಅಲೆಗಳನ್ನು. ಎಕ್ಸ್-ರೇ ಕಿರಣಗಳಂತೆ ಜೀವಕೋಶದೊಳಗಿನ ವಂಶವಾಹಿಗಳನ್ನು ಒಡೆಯುವ ಶಕ್ತಿ ಇವಕ್ಕಿಲ್ಲ. ದೂರ ಎರಡು ಪಟ್ಟಾದರೆ ಅಲೆಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಿಯೋ ಅಲೆಗಳನ್ನು 'ಕ್ಯಾನ್ಸರ್ ತರಬಹುದಾದ' 2ಬಿ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಅದಕ್ಕೆ ಮುಖ್ಯ ಆಧಾರವಾದದ್ದು ಕಿವಿಗೆ ಒತ್ತಿ ಹಿಡಿಯುವ ಮೊಬೈಲ್ ಫೋನಿನ ಕುರಿತ ಸೀಮಿತ ಪುರಾವೆ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಮನೆಯ ವೈ-ಫೈನಿಂದ ಕಾಯಿಲೆ ಬರುತ್ತದೆಂದು ಇದುವರೆಗೆ ಸಾಬೀತಾಗಿಲ್ಲ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ಅದು ನಾವು ಹೆದರದ ಕಡೆ ಇದೆ.

ಮೊದಲನೆಯದು, ನೆಲದ ಮೇಲೆ ಹಾದುಹೋಗುವ ಕೇಬಲ್. ರಾತ್ರಿ ಬಚ್ಚಲಿಗೆ ಏಳುವ ಹಿರಿಯರು ಅದನ್ನು ಎಡವಿ ಬಿದ್ದರೆ ತೊಡೆಯ ಮೂಳೆ ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾದೀತು. ಕೇಬಲ್ಲನ್ನು ಗೋಡೆಯಂಚಿಗೆ ಕ್ಲಿಪ್ ಹೊಡೆದು, ಬಾಗಿಲ ಚೌಕಟ್ಟಿನ ಮೇಲಿನಿಂದ ಒಯ್ಯಿರಿ.

ಎರಡನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ವಿದ್ಯುತ್ ತಂತಿ, ತಾಮ್ರದ ಕೇಬಲ್ಲುಗಳ ಮೂಲಕ ಆಘಾತ ಮನೆಯೊಳಕ್ಕೆ ಬರಬಹುದು. ಮೋಡ ಕಟ್ಟುವಾಗಲೇ ರೂಟರಿನ ಪ್ಲಗ್ಗನ್ನೂ ಕೇಬಲ್ಲನ್ನೂ ಬಿಚ್ಚಿಡಿ; ಗುಡುಗು ಶುರುವಾದ ಮೇಲೆ ಮುಟ್ಟಬೇಡಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ.

ಮೂರನೆಯದು ಫೈಬರ್ ತುಂಡುಗಳು. ಅವು ಹೆಚ್ಚುಕಡಿಮೆ ಕೂದಲಿನಷ್ಟು ತೆಳುವಾದ ಗಾಜು. ಚರ್ಮಕ್ಕೆ ಚುಚ್ಚಿದರೆ ಹುಡುಕುವುದು ಕಷ್ಟ. ಕಣ್ಣಿಗೆ ಹೋದರೆ ಉಜ್ಜಬಾರದು, ಕೂಡಲೇ ವೈದ್ಯರಿಗೆ ತೋರಿಸಬೇಕು. ಜೋಡಣೆ ಮುಗಿದ ಮೇಲೆ ಚೂರುಗಳನ್ನು ಟೇಪಿಗೆ ಅಂಟಿಸಿ ತೆಗೆಯಿರಿ. ಫೈಬರಿನ ತುದಿಯೊಳಗೆ ಇಣುಕಬೇಡಿ. ಅಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣದು.

ರೂಟರನ್ನು ಮನೆಯ ನಡುವೆ, ಎದೆಯೆತ್ತರದಲ್ಲಿ, ಕಬ್ಬಿಣದ ಬೀರುವಿನಿಂದ ದೂರ ಇರಿಸಿ. ದಪ್ಪ ಗೋಡೆಯಾಚೆಯ ಕೋಣೆಗೆ ಅಲೆ ತಲುಪದಿದ್ದರೆ ಅಲ್ಲಿಗೊಂದು ಕೇಬಲ್ ಎಳೆದು ಇನ್ನೊಂದು ವೈ-ಫೈ ಪೆಟ್ಟಿಗೆ ಇಡಬಹುದು. ಕದಲದ ಟಿ.ವಿ., ಕಂಪ್ಯೂಟರುಗಳಿಗೆ ಕೇಬಲ್, ಕೈಯಲ್ಲಿ ಹಿಡಿದು ಓಡಾಡುವ ಫೋನಿಗೆ ವೈ-ಫೈ: ಇದು ಒಳ್ಳೆಯ ಹಂಚಿಕೆ.

ಮಕ್ಕಳಿಗೆ ಅಲೆಗಿಂತ ಪರದೆಯೇ ಹೆಚ್ಚಿನ ತೊಂದರೆ. ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿತು. ಮಲಗುವ ಹೊತ್ತಿಗೆ ಫೋನುಗಳೆಲ್ಲ ಹಜಾರದಲ್ಲಿರಲಿ. ಹಿರಿಯರು ಮೊದಲು ಪಾಲಿಸಿದರೆ ಮಕ್ಕಳೂ ಪಾಲಿಸುತ್ತಾರೆ.

ಒಳ್ಳೆಯ ಸಂಪರ್ಕದಿಂದ ಆರೋಗ್ಯಕ್ಕೂ ಲಾಭವುಂಟು. ಸರ್ಕಾರದ ಇ-ಸಂಜೀವಿನಿಯ ಮೂಲಕ ಮನೆಯಿಂದಲೇ ವೈದ್ಯರ ಸಲಹೆ ಪಡೆಯಬಹುದು. ಆಗ ರೂಟರಿನ ಹತ್ತಿರ ಕುಳಿತರೆ ಮಾತು ಕಡಿದುಹೋಗದು. ಆದರೆ ಎದೆನೋವು, ಉಬ್ಬಸ, ಹಾವಿನ ಕಡಿತಗಳಿಗೆ ವಿಡಿಯೋ ಮುಂದೆ ಕಾಯುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.