ಅಳತೆಗೆ ಸಿಗದವರಿಗೂ ಮಾಡೆಲಿಂಗ್‌ನಲ್ಲಿ ಜಾಗ ಇದೆಯೇ?

ಫ್ಯಾಷನ್ ಷೋದಲ್ಲಿ ನಡೆಯುವ ಮಾಡೆಲ್ ಆಗಬೇಕಾದರೆ ಹುಡುಗಿಯರಿಗೆ ಸಾಮಾನ್ಯವಾಗಿ 5 ಅಡಿ 8 ಇಂಚು, ಹುಡುಗರಿಗೆ 6 ಅಡಿಯ ಆಸುಪಾಸು ಎತ್ತರ ಇರಬೇಕು ಎನ್ನುತ್ತಾರೆ. ನಮ್ಮ ಕಾಲೇಜಿನ ಯಾವುದೇ ತರಗತಿಯಲ್ಲಿ ಟೇಪ್ ಹಿಡಿದು ಅಳೆದರೆ ಈ ಲೆಕ್ಕಕ್ಕೆ ಸಿಗುವವರು ಒಬ್ಬಿಬ್ಬರು ಇದ್ದರೆ ಹೆಚ್ಚು. ಅದರ ಮೇಲೆ ಬಣ್ಣ, ತೂಕ, ಹಲ್ಲು, ಮೊಡವೆ ಎಂದು ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಹಿಜಾಬ್ ಹಾಕುವವರಂತೂ ಆ ಪಟ್ಟಿಯನ್ನು ಓದುವ ಗೋಜಿಗೇ ಹೋಗುವುದಿಲ್ಲ. ಆದರೆ ವಾಣಿಜ್ಯ ವಿಭಾಗದವರು ಯಾವ ಪಟ್ಟಿ ಕಂಡರೂ ಒಂದು ಪ್ರಶ್ನೆ ಕೇಳಬೇಕು: ಇದನ್ನು ಬರೆದ ಗ್ರಾಹಕ ಯಾರು, ಅವನಿಗೆ ಬೇಕಾಗಿರುವುದು ಏನು?

ಎತ್ತರದ ನಿಯಮ ಬಂದದ್ದೇಕೆ?

ಡಿಸೈನರ್ ತನ್ನ ಹೊಸ ಉಡುಪುಗಳನ್ನು ಷೋಗೆ ಮೊದಲೇ ಸ್ಯಾಂಪಲ್ ಆಗಿ ಹೊಲಿಸಿಡುತ್ತಾನೆ. ಯಾವ ಉಡುಪನ್ನು ಯಾವ ಮಾಡೆಲ್ ಹಾಕುತ್ತಾಳೆ ಎಂದು ಆಗ ಗೊತ್ತಿರುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ಅಳತೆಯಲ್ಲಿ ಹೊಲಿದು, ಆ ಅಳತೆಗೆ ಹೊಂದುವವರನ್ನು ಹುಡುಕುತ್ತಾರೆ. ದೂರದಲ್ಲಿ ಕುಳಿತವರಿಗೂ ಬಟ್ಟೆಯ ಇಳಿಬೀಳು ಕಾಣಲಿ ಎಂದು ಎತ್ತರದವರನ್ನು ಆರಿಸುತ್ತಾರೆ. ಅಂದರೆ ಈ ನಿಯಮ ಹುಟ್ಟಿದ್ದು ಒಂದು ಬಗೆಯ ಕೆಲಸದ ಅನುಕೂಲಕ್ಕಾಗಿ. ಅದು ಸೌಂದರ್ಯದ ತೀರ್ಪಲ್ಲ, ಇಡೀ ಮಾಡೆಲಿಂಗ್ ಕ್ಷೇತ್ರಕ್ಕೆ ಅನ್ವಯಿಸುವುದೂ ಇಲ್ಲ.

ಬೇರೆ ಬೇರೆ ಕೆಲಸ, ಬೇರೆ ಬೇರೆ ಅರ್ಹತೆ

ಮೊದಲನೆಯದು ಜಾಹೀರಾತು ಮಾಡೆಲಿಂಗ್. ಬ್ಯಾಂಕ್, ವಿಮೆ, ಆಸ್ಪತ್ರೆ, ಟೂತ್‌ಪೇಸ್ಟ್, ಅಡುಗೆ ಎಣ್ಣೆಯ ಜಾಹೀರಾತುಗಳಲ್ಲಿ ಅಪ್ಪ, ಅಜ್ಜಿ, ಮೇಷ್ಟ್ರು, ಅಂಗಡಿಯವನು ಬೇಕು. ನೋಡುವವನಿಗೆ ‘ಇವರು ನಮ್ಮ ಬೀದಿಯವರು’ ಅನಿಸಬೇಕು. ಇಲ್ಲಿ ತೀರಾ ಅಪರೂಪದ ರೂಪವೇ ಅಡ್ಡಿಯಾಗಬಹುದು.

ಎರಡನೆಯದು ಕ್ಯಾಟಲಾಗ್ ಮಾಡೆಲಿಂಗ್. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮಿಂತ್ರಾದಂಥ ಆನ್‌ಲೈನ್ ಮಳಿಗೆಗಳಲ್ಲಿ ನಾವು ನೋಡುವ ಚಿತ್ರಗಳು ಈ ಜಾತಿಯವು. ಒಂದೇ ದಿನದಲ್ಲಿ ಹತ್ತಾರು ಉಡುಪು ಬದಲಾಯಿಸಿ, ಪ್ರತಿಯೊಂದರಲ್ಲೂ ಮುಂದೆ, ಹಿಂದೆ, ಪಕ್ಕಕ್ಕೆ ತಿರುಗಿ ನಿಲ್ಲಬೇಕು. ತಾಳ್ಮೆ ಮತ್ತು ವೇಗವೇ ಇಲ್ಲಿನ ಬಂಡವಾಳ. ದೊಡ್ಡ ಅಳತೆಯ ಬಟ್ಟೆ ಮಾರುವವರಿಗೆ ದೊಡ್ಡ ಮೈಕಟ್ಟಿನವರೇ ಬೇಕು, ಗಿಡ್ಡ ಅಳತೆಯದನ್ನು ಮಾರುವವರಿಗೆ ಗಿಡ್ಡನೆಯವರೇ ಬೇಕು.

ಮೂರನೆಯದು ಫಿಟ್ ಮಾಡೆಲಿಂಗ್. ಇದರ ಹೆಸರು ಕೇಳಿದವರು ಕಡಿಮೆ. ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಮಾಡುವವರು ನಿಮ್ಮ ಮನೆಯಲ್ಲಿದ್ದರೆ ಸ್ಯಾಂಪಲ್ ಪೀಸ್ ಅಂದರೇನು ಎಂದು ಕೇಳಿ ನೋಡಿ. ಸಾವಿರಾರು ಪೀಸ್ ಕತ್ತರಿಸುವ ಮೊದಲು ಒಂದು ಪೀಸ್ ಹೊಲಿದು ಪರೀಕ್ಷಿಸಬೇಕು. ಬೊಂಬೆಗೆ ತೊಡಿಸಿದರೆ ಅಳತೆ ಗೊತ್ತಾಗುತ್ತದೆ, ಆದರೆ ಬೊಂಬೆ ಮಾತಾಡುವುದಿಲ್ಲ. ‘ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತದೆ, ಕೂತರೆ ಹಿಂದೆ ಎಳೆಯುತ್ತದೆ’ ಎಂದು ಹೇಳಲು ಜೀವಂತ ಮನುಷ್ಯರು ಬೇಕು. ಕಂಪನಿಯ ಮೂಲ ಅಳತೆಗೆ ಮೈ ಹೊಂದಬೇಕು, ಆ ಅಳತೆ ತಿಂಗಳುಗಟ್ಟಲೆ ಬದಲಾಗಬಾರದು. ಮುಖ ಹೇಗಿದೆ ಎಂಬುದು ಇಲ್ಲಿ ಯಾರಿಗೂ ಮುಖ್ಯವಲ್ಲ, ಚಿತ್ರ ಎಲ್ಲೂ ಅಚ್ಚಾಗುವುದಿಲ್ಲ.

ನಾಲ್ಕನೆಯದು ಕೈ ಮತ್ತು ಕಾಲಿನ ಮಾಡೆಲಿಂಗ್. ಕೈಗಡಿಯಾರ, ಉಂಗುರ, ಮೊಬೈಲ್, ಚಪ್ಪಲಿ, ಅಡುಗೆಯ ಜಾಹೀರಾತುಗಳಲ್ಲಿ ಕಾಣುವ ಕೈಕಾಲುಗಳು ಬಹಳ ಸಲ ಬೇರೆಯವರವು. ಚರ್ಮದಲ್ಲಿ ಗಾಯ, ಕಲೆ ಇರಬಾರದು. ದೀಪದ ಕೆಳಗೆ ಬಹಳ ಹೊತ್ತು ಕೈ ನಡುಗದೆ ನಿಲ್ಲಬೇಕು. ಮುಖ ತೋರಿಸಲು ಇಷ್ಟವಿಲ್ಲದವರಿಗೆ ಇದೂ ಒಂದು ದಾರಿ.

ಇವನ್ನೆಲ್ಲ ನೋಡಿದಾಗ ವ್ಯವಹಾರ ಅಧ್ಯಯನದ ಮಾರುಕಟ್ಟೆ ಪಾಠ ನೆನಪಾಗುತ್ತದೆ. ದೊಡ್ಡ ಮಾರುಕಟ್ಟೆಯೊಳಗೆ ಒಂದು ವಿಶೇಷ ಬೇಡಿಕೆ ಇರುವ ಸಣ್ಣ ಮೂಲೆಗೆ ನಿಶ್ ಮಾರುಕಟ್ಟೆ ಎನ್ನುತ್ತಾರೆ. ಒಂದು ಕಡೆ ಕೊರತೆ ಅನಿಸಿದ್ದು ಇನ್ನೊಂದು ಕಡೆ ಅರ್ಹತೆಯಾಗಿ ಎಣಿಕೆಯಾಗುವುದು ಇಂಥ ಮೂಲೆಯಲ್ಲೇ.

ಪಟ್ಟಿಯ ಹೊರಗಿನಿಂದ ಬಂದವರು

ಕೆನಡಾದ ವಿನ್ನಿ ಹಾರ್ಲೋ ಅವರಿಗೆ ತೊನ್ನು ಇದೆ, ಚರ್ಮದ ಮೇಲೆ ಬಿಳಿ ಮಚ್ಚೆಗಳಿವೆ. 2014ರಲ್ಲಿ ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾಗವಹಿಸಿ ಅವರು ಗೆಲ್ಲಲಿಲ್ಲ. ಆದರೆ ನಂತರ ದೊಡ್ಡ ದೊಡ್ಡ ಬ್ರ್ಯಾಂಡ್‌ಗಳಿಗೆ ಮಾಡೆಲ್ ಆದರು. ಅಮೆರಿಕದ ಕಾರ್ಮೆನ್ ಡೆಲ್‌ಒರಿಫಿಸ್ ಹುಟ್ಟಿದ್ದು 1931ರಲ್ಲಿ. 80 ವರ್ಷ ದಾಟಿದ ಮೇಲೂ ಬಿಳಿ ಕೂದಲಲ್ಲೇ ರ‍್ಯಾಂಪ್ ಮೇಲೆ ನಡೆದರು. ದೆಹಲಿಯ ಲಕ್ಷ್ಮಿ ಅಗರ್ವಾಲ್ ಅವರ ಮೇಲೆ 2005ರಲ್ಲಿ, ಅವರು ಇನ್ನೂ ನಮಗಿಂತ ಚಿಕ್ಕವರಿದ್ದಾಗ, ಆಸಿಡ್ ದಾಳಿ ನಡೆಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಕೋರ್ಟ್ ಆಸಿಡ್ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮ ವಿಧಿಸಿತು. 2016ರಲ್ಲಿ ಒಂದು ಉಡುಪಿನ ಬ್ರ್ಯಾಂಡ್ ಲಕ್ಷ್ಮಿಯವರನ್ನೇ ತನ್ನ ಜಾಹೀರಾತಿನ ಮುಖವಾಗಿ ಆರಿಸಿತು.

ಮೈ ಮುಚ್ಚುವ ಉಡುಪಿನ ಮಾರುಕಟ್ಟೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಅಂಥ ಉಡುಪು ಕೊಳ್ಳುವ ಕೋಟ್ಯಂತರ ಹೆಂಗಸರು ಮೊದಲಿನಿಂದಲೂ ಇದ್ದರು. ದೊಡ್ಡ ಕಂಪನಿಗಳ ಕಣ್ಣಿಗೆ ಬಿದ್ದದ್ದು ತಡವಾಗಿ. 2014ರಲ್ಲಿ ಡಿ.ಕೆ.ಎನ್.ವೈ. ರಂಜಾನ್‌ಗೆಂದು ಉಡುಪುಗಳನ್ನು ತಂದಿತು. 2015ರಲ್ಲಿ ಎಚ್ ಅಂಡ್ ಎಂ ಜಾಹೀರಾತಿನಲ್ಲಿ ಹಿಜಾಬ್ ಧರಿಸಿದ ಮರಿಯಾ ಇದ್ರಿಸಿ ಕಾಣಿಸಿಕೊಂಡರು. 2016ರಲ್ಲಿ ಇಟಲಿಯ ಡೋಲ್ಚೆ ಅಂಡ್ ಗಬಾನಾ ಹಿಜಾಬ್ ಮತ್ತು ಅಬಾಯಾಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಬೇಡಿಕೆ ಇದ್ದಲ್ಲಿಗೆ ಪೂರೈಕೆ ಬಂತು. ಅದರ ಜೊತೆಗೆ ಆ ಉಡುಪು ತೊಟ್ಟು ನಿಲ್ಲುವವರೂ ಬೇಕಾದರು.

ಹಲೀಮಾ ಆದನ್ ಹಾಕಿದ ಷರತ್ತು

ಹಲೀಮಾ ಆದನ್ ಹುಟ್ಟಿದ್ದು ಕೀನ್ಯಾ ದೇಶದ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ. ಸೊಮಾಲಿ ಕುಟುಂಬ. ಬಾಲ್ಯದಲ್ಲೇ ಅಮೆರಿಕಕ್ಕೆ ಹೋದರು. 2016ರಲ್ಲಿ ಮಿನ್ನೆಸೋಟಾ ರಾಜ್ಯದ ಸೌಂದರ್ಯ ಸ್ಪರ್ಧೆಯಲ್ಲಿ ಹಿಜಾಬ್ ಧರಿಸಿಯೇ ಭಾಗವಹಿಸಿದರು. ಮರುವರ್ಷ ಐ.ಎಂ.ಜಿ. ಮಾಡೆಲ್ಸ್ ಎಂಬ ದೊಡ್ಡ ಏಜೆನ್ಸಿ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಹಿಜಾಬ್ ತೆಗೆಯುವುದಿಲ್ಲ ಎಂಬ ಷರತ್ತನ್ನು ಅವರು ಆ ಒಪ್ಪಂದದಲ್ಲೇ ಬರೆಸಿಕೊಂಡರು. ಬಟ್ಟೆ ಬದಲಾಯಿಸಲು ಅವರಿಗೆ ಪ್ರತ್ಯೇಕ ಮರೆಯ ಜಾಗವೂ ಸಿಗುತ್ತಿತ್ತು. 2018ರಲ್ಲಿ ಬ್ರಿಟಿಷ್ ವೋಗ್ ಪತ್ರಿಕೆಯ ಮುಖಪುಟಕ್ಕೂ ಬಂದರು.

ಆದರೆ 2020ರ ನವೆಂಬರ್‌ನಲ್ಲಿ ಅವರು ಆ ಕೆಲಸವನ್ನು ಬಿಟ್ಟರು. ಕಾರಣವನ್ನು ಅವರೇ ಹೇಳಿಕೊಂಡಿದ್ದಾರೆ: ಫೋಟೋದಿಂದ ಫೋಟೋಗೆ ಹಿಜಾಬ್ ಚಿಕ್ಕದಾಗುತ್ತಾ ಬಂತು, ಒಮ್ಮೆ ಹಿಜಾಬಿನ ಜಾಗದಲ್ಲಿ ತಲೆಗೆ ಜೀನ್ಸ್ ಸುತ್ತಿದರು. ತನಗೆ ಮರೆಯ ಜಾಗ ಸಿಕ್ಕಿದರೂ ಅದೇ ಕೆಲಸಕ್ಕೆ ಬಂದ ಬೇರೆ ಹಿಜಾಬಿ ಹುಡುಗಿಯರಿಗೆ ‘ಬಾತ್‌ರೂಮ್ ಹುಡುಕಿಕೊಳ್ಳಿ’ ಅಂದಾಗ ಅವರಿಗೆ ನೋವಾಯಿತು.

ಈ ಕಥೆಯಲ್ಲಿ ಎರಡು ಪಾಠ ಇವೆ. ಅವರು ಯಾವುದನ್ನು ಬಿಡಲು ಒಪ್ಪಲಿಲ್ಲವೋ ಅದೇ ಅವರಿಗೆ ಹೊಸ ಜಾಗ ಮಾಡಿಕೊಟ್ಟಿತು. ಅದನ್ನೇ ಇಂಚಿಂಚಾಗಿ ಬಿಟ್ಟುಕೊಡಬೇಕಾಗಿ ಬಂದಾಗ ಆ ಜಾಗದಲ್ಲಿ ಅವರಿಗೆ ತಮ್ಮದು ಅನ್ನುವಂಥದ್ದು ಏನೂ ಉಳಿಯಲಿಲ್ಲ. ‘ಹಿಜಾಬ್ ತೆಗೆಯುವುದಿಲ್ಲ’ ಎಂದು ಬರೆಸಿದರೆ ಸಾಲದು, ಅದು ಹೇಗಿರಬೇಕು ಎಂಬುದನ್ನೂ ಬರೆಸಬೇಕು. ನಮ್ಮ ವ್ಯತ್ಯಾಸಕ್ಕೆ ಬೆಲೆ ಕೊಡುವ ಮಾರುಕಟ್ಟೆ ಆ ವ್ಯತ್ಯಾಸವನ್ನು ತನಗೆ ಬೇಕಾದಂತೆ ಕತ್ತರಿಸಲೂ ನೋಡುತ್ತದೆ. ಆದ್ದರಿಂದ ‘ನನ್ನಲ್ಲಿ ಏನು ವಿಶೇಷ?’ ಎಂದು ಕೇಳಿಕೊಂಡ ಮೇಲೆ ‘ನಾನು ಏನನ್ನು ಬಿಟ್ಟುಕೊಡುವುದಿಲ್ಲ?’ ಎಂದೂ ಕೇಳಿಕೊಳ್ಳಬೇಕು.

ಹೆಜ್ಜೆ ಇಡುವ ಮೊದಲು

ನಮ್ಮಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಈ ವಿಷಯಗಳು ಗೊತ್ತಿರಲಿ.

ಭಾರತೀಯ ಕರಾರು ಕಾಯ್ದೆ 1872ರ ಪ್ರಕಾರ 18 ವರ್ಷ ತುಂಬದವರು ಮಾಡಿಕೊಂಡ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಸರಿಯಾದ ಏಜೆನ್ಸಿ ನಮಗೆ ಬಂದ ಸಂಭಾವನೆಯಲ್ಲಿ ಕಮಿಷನ್ ತೆಗೆದುಕೊಳ್ಳುತ್ತದೆ. ಕೆಲಸ ಕೊಡುವ ಮೊದಲೇ ‘ನೋಂದಣಿ ಶುಲ್ಕ ಕಟ್ಟಿ, ನಮ್ಮಲ್ಲೇ ಪೋರ್ಟ್‌ಫೋಲಿಯೋ ಮಾಡಿಸಿ’ ಎನ್ನುವವರ ವ್ಯಾಪಾರ ಬೇರೆ, ಅವರ ಗ್ರಾಹಕರು ನಾವೇ. ಮೊದಲ ಪರಿಚಯಕ್ಕೆ ಮೇಕಪ್ ಇಲ್ಲದೆ, ಸರಳ ಉಡುಪಿನಲ್ಲಿ, ಹಗಲು ಬೆಳಕಿನಲ್ಲಿ ಮೊಬೈಲ್‌ನಲ್ಲೇ ತೆಗೆದ ನಾಲ್ಕಾರು ಫೋಟೋ ಸಾಕು. ಗುರುತಿಲ್ಲದವರು ಬೇರೆ ರೀತಿಯ ಫೋಟೋ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಮನೆಯಲ್ಲಿ ಹೇಳಿ.

ಫೋಟೋವನ್ನು ಎಲ್ಲಿ, ಎಷ್ಟು ಕಾಲ ಬಳಸುತ್ತಾರೆ ಎಂಬುದು ಕರಾರಿನಲ್ಲಿ ಇರಬೇಕು. ಒಂದು ವರ್ಷ ಕರಪತ್ರದಲ್ಲಿ ಬಳಸುವುದಕ್ಕೂ ಎಂದೆಂದಿಗೂ ಎಲ್ಲೆಡೆ ಬಳಸುವುದಕ್ಕೂ ಒಂದೇ ಬೆಲೆ ಆಗಲಾರದು. ಉಡುಪು, ಮೇಕಪ್, ಬಟ್ಟೆ ಬದಲಾಯಿಸುವ ಜಾಗ, ಜೊತೆಗೆ ಬರುವ ಮನೆಯವರು, ಇವೆಲ್ಲ ಬರವಣಿಗೆಯಲ್ಲೇ ಇರಲಿ. ಕರಾರು, ಷರತ್ತು ಎಂಬ ಪದಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಕನ್ನಡದ ಕಾಗದಪತ್ರಗಳಲ್ಲೂ ಇವೆ. ವ್ಯಾಪಾರದಲ್ಲಿ ಷರತ್ತು ಹಾಕುವುದನ್ನು ಯಾವ ಭಾಷೆಯವರೂ ಅಹಂಕಾರ ಎಂದು ತಿಳಿಯುವುದಿಲ್ಲ.

ಕೊನೆಯದಾಗಿ, ಸಣ್ಣ ಮಾರುಕಟ್ಟೆಯಲ್ಲಿ ಪೈಪೋಟಿ ಕಡಿಮೆ, ಗ್ರಾಹಕರೂ ಕಡಿಮೆ. ಹಬ್ಬದ ಮುಂಚೆ ಕೆಲಸ ಬರಬಹುದು, ಆಮೇಲೆ ತಿಂಗಳುಗಟ್ಟಲೆ ಫೋನ್ ಬಾರದೇ ಇರಬಹುದು. ಹಾಗಾಗಿ ಓದು ಬಿಟ್ಟು ಹೋಗುವ ದಾರಿ ಇದಲ್ಲ. ಓದಿನ ಜೊತೆಗೆ, ಮನೆಯವರನ್ನು ಕೂರಿಸಿಕೊಂಡು ಮಾತಾಡಿ, 18 ತುಂಬಿದ ಮೇಲೆ ನೋಡಬಹುದಾದ ದಾರಿ. ಅಲ್ಲಿಯವರೆಗೆ ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಎಡಗಡೆ ನಿಮ್ಮಲ್ಲಿ ಇರುವುದನ್ನೂ ಬಲಗಡೆ ನೀವು ಬಿಟ್ಟುಕೊಡದೇ ಇರುವುದನ್ನೂ ಬರೆಯಿರಿ. ನಾಳೆ ಯಾರಾದರೂ ಕಾಗದ ಮುಂದೆ ಇಟ್ಟು ಸಹಿ ಕೇಳಿದರೆ, ಮೊದಲು ಆ ಬಲಗಡೆಯ ಕಾಲಂ ಓದಿಕೊಳ್ಳಿ.