ಬೇಸಿಗೆಯ ಊಟ: ಕಡಿಮೆ ಉರಿ, ಊರಿನ ಫಸಲು

ಮಾರ್ಚ್ ತಿಂಗಳು ಮುಗಿಯುವ ಹೊತ್ತಿಗೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಗ್ರಾಮಗಳಲ್ಲಿ ಅಡುಗೆಮನೆಯೇ ಮನೆಯ ಅತ್ಯಂತ ಬಿಸಿಯಾದ ಸ್ಥಳವಾಗುತ್ತದೆ. ತಗಡಿನ ಸೂರಿನಡಿ ಕಟ್ಟಿಗೆ ಒಲೆಯ ಮುಂದೆ ಕುಳಿತು ಮನೆಮಂದಿಗೆಲ್ಲ ರೊಟ್ಟಿ ಬಡಿದ ಮಹಿಳೆ ಅನಂತರ ಹೊಲಕ್ಕೋ ಉದ್ಯೋಗ ಖಾತರಿ ಕಾಮಗಾರಿಗೋ ಹೊರಡುತ್ತಾಳೆ. ಬಿಸಿಲಿನ ಎಚ್ಚರಿಕೆಗಳು ಬಯಲಿನ ತಾಪವನ್ನು ಕುರಿತು ಹೇಳುತ್ತವೆ. ಒಲೆಯ ಮುಂದಿನ ತಾಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಆದುದರಿಂದ ಬೇಸಿಗೆಯ ಊಟವು ಪೌಷ್ಟಿಕವಾಗಿದ್ದರೆ ಸಾಲದು, ಕಡಿಮೆ ಉರಿಯಲ್ಲಿ ಆಗುವಂಥದ್ದೂ ಆಗಿರಬೇಕು.

ಇದಕ್ಕೆ ಈ ಭಾಗದ ಹಳೆಯ ಉತ್ತರ ಅಂಬಲಿ. ಒಂದು ಅಳತೆ ರಾಗಿ ಅಥವಾ ಜೋಳದ ಹಿಟ್ಟನ್ನು ರಾತ್ರಿ ಮಣ್ಣಿನ ಗಡಿಗೆಯಲ್ಲಿ ನೀರಿನೊಡನೆ ಕಲಸಿಟ್ಟು, ಬೆಳಗ್ಗೆ ನಾಲ್ಕೈದು ಅಳತೆ ಕುದಿಯುವ ನೀರಿಗೆ ಸುರಿದು, ಗಂಟಾಗದಂತೆ ತಿರುವುತ್ತ ಹತ್ತು ನಿಮಿಷ ಬೇಯಿಸಿದರೆ ಒಲೆಯ ಕೆಲಸ ಮುಗಿಯಿತು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಜೀರಿಗೆ ಬೆರೆಸಬೇಕು. ರಾತ್ರಿಯ ಹುಳಿಯುವಿಕೆ ರುಚಿಗಾಗಿ ಮಾತ್ರವಲ್ಲ: ಧಾನ್ಯದಲ್ಲಿರುವ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಅದರಿಂದ ಕಡಿಮೆಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಅಂಬಲಿಯನ್ನು ಬಡತನದ ಗುರುತೆಂದು ತಿಳಿದು ಚಹಾ–ಬಿಸ್ಕತ್ತಿಗೆ ಬದಲಾದ ಮನೆಗಳು ಕಳೆದುಕೊಂಡದ್ದು ಸಣ್ಣದೇನಲ್ಲ.

ಅಂಬಲಿಯ ಜೊತೆಗೆ ಬೇಕಾದುದು ಊರಿನಲ್ಲಿಯೇ ಇದೆ. ಹೊಲದ ಬದು ಮತ್ತು ರಸ್ತೆಬದಿಯ ಹುಣಸೆ ಮರಗಳು ಈ ದಿನಗಳಲ್ಲಿ ಚಿಗುರುತ್ತವೆ. ಆ ಚಿಗುರನ್ನು ಹುರಿದ ಶೇಂಗಾ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನೊಡನೆ ಕುಟ್ಟಿದರೆ ಎರಡು ಹೊತ್ತಿನ ಚಟ್ನಿಯಾಗುತ್ತದೆ. ಮುಗ್ಗಲು ವಾಸನೆಯ ಅಥವಾ ಕಹಿಯಾದ ಶೇಂಗಾ ಬೀಜವನ್ನು ಮಾತ್ರ ಆರಿಸಿ ಎಸೆಯಬೇಕು. ಅದರ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ನುಗ್ಗೆಸೊಪ್ಪನ್ನು ಹೆಸರುಬೇಳೆಯೊಡನೆ ಒಂದೇ ಪಾತ್ರೆಯಲ್ಲಿ ಬೇಯಿಸಿ, ಇಳಿಸಿದ ಮೇಲೆ ನಿಂಬೆ ಹಿಂಡುವುದು ಲೇಸು. ಮಾವಿನಕಾಯಿ ಮತ್ತು ನಿಂಬೆಯ ಸಿ ಜೀವಸತ್ವವು ಸೊಪ್ಪು ಹಾಗೂ ಧಾನ್ಯದ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದೊಡನೆ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಗರ್ಭಿಣಿಯರಿರುವ ಮನೆಗಳಲ್ಲಿ ಆಶಾ ಕಾರ್ಯಕರ್ತೆಯರು ಇದನ್ನು ಒತ್ತಿ ಹೇಳಬೇಕು.

ಬುತ್ತಿ ಒಯ್ಯುವವರಿಗೆ ನವಣೆ ಅನ್ನದ ಮಾವಿನಕಾಯಿ ಚಿತ್ರಾನ್ನ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಹೊಂದುತ್ತವೆ. ಮೊದಲನೆಯದನ್ನು ಹುಳಿ ತುಸು ಹೊತ್ತು ಕಾಯುತ್ತದೆ. ಉಳಿದೆರಡರಲ್ಲಿ ಕೆಡಲು ಬೇಕಾದ ತೇವವೇ ಇಲ್ಲ. ಸಪ್ಪೆ ಬೇಳೆ, ಅನ್ನ, ಬೇಯಿಸಿದ ಪಲ್ಯ ಈ ಸೆಕೆಯಲ್ಲಿ ಒಂದೆರಡು ಗಂಟೆ ಮೀರಿ ಉಳಿಯುವುದಿಲ್ಲ. ಒಲೆ ಹಚ್ಚಲಾಗದ ಸಂಜೆಗೆ ಮಂಡಕ್ಕಿಯಿದೆ. ಕೊಟ್ಟೂರಿನವರಿಗೆ ಮಂಡಕ್ಕಿಯೊಡನೆ ಮೆಣಸಿನಕಾಯಿ ಬಜ್ಜಿಯೇ ಬೇಕು. ಆದರೆ ನೆನೆಸಿ ಹಿಂಡಿದ ಮಂಡಕ್ಕಿಗೆ ಸವತೆಕಾಯಿ, ಈರುಳ್ಳಿ, ಹುರಿಗಡಲೆ ಪುಡಿ ಬೆರೆಸಿದರೆ ಎಣ್ಣೆ ಕಾಯಿಸುವ ಪ್ರಮೇಯ ಬರುವುದಿಲ್ಲ.

ಇಷ್ಟೆಲ್ಲ ತಿಳಿದಿದ್ದರೂ ತಟ್ಟೆಗೆ ತರಕಾರಿ ಬಾರದಿರಲು ಕಾರಣವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿಯು ವಯಸ್ಕರೊಬ್ಬರಿಗೆ ದಿನಕ್ಕೆ ಸೊಪ್ಪು ಸೇರಿದಂತೆ 400 ಗ್ರಾಂ ತರಕಾರಿಯನ್ನು ಸೂಚಿಸುತ್ತದೆ. ನಾಲ್ವರು ವಯಸ್ಕರ ಮನೆಗೆ ಅದು ಒಂದೂವರೆ ಕಿಲೋಗೂ ಹೆಚ್ಚು. ಕೂಲಿಯ ಮನೆ ಬೇಸಿಗೆಯಲ್ಲಿ ಅಷ್ಟನ್ನು ಕೊಳ್ಳಲಾರದು. ಹರಪನಹಳ್ಳಿ, ಹಡಗಲಿ ಕಡೆಯ ಹೊಲಗಳನ್ನು ಮೆಕ್ಕೆಜೋಳ ವ್ಯಾಪಕವಾಗಿ ಆವರಿಸಿದೆ. ಅದು ಕಣದಿಂದ ನೇರವಾಗಿ ಮಾರುಕಟ್ಟೆಗೆ ಹೋಗುತ್ತದೆ, ಅಡುಗೆಮನೆಗೆ ಬರುವುದಿಲ್ಲ. ಹಿಂದೆ ಜೋಳ, ನವಣೆಯ ನಡುವೆ ಅಕ್ಕಡಿ ಸಾಲಿನಲ್ಲಿ ಬರುತ್ತಿದ್ದ ಅಲಸಂದೆ, ಹೆಸರು, ಪುಂಡಿ ಸೊಪ್ಪು ಈಗ ಸಂತೆಯಲ್ಲಿ ಹಣ ತೆತ್ತು ತರಬೇಕಾದ ಪದಾರ್ಥಗಳಾಗಿವೆ.

ಇಲ್ಲಿ ಗ್ರಾಮ ಪಂಚಾಯಿತಿಯ ಕೈಯಲ್ಲಿರುವುದು ಮುಖ್ಯವಾಗಿ ನೀರು ಮತ್ತು ಮರ. ಕುಡಿಯುವ ನೀರಿಗೇ ಕೊರತೆಯಿರುವಾಗ ಕೈತೋಟದ ಮಾತು ಸಲ್ಲದೆಂದು ಸಭೆಗಳಲ್ಲಿ ಆಕ್ಷೇಪ ಬರುವುದುಂಟು. ಅದು ಅರ್ಧ ಮಾತ್ರ ಸರಿ. ಬಚ್ಚಲಿನಿಂದ ಚರಂಡಿಗೆ ಹರಿಯುವ ನೀರು ಒಂದು ನುಗ್ಗೆ, ಒಂದು ಪಪ್ಪಾಯಿ, ಒಂದು ಕರಿಬೇವಿನ ಗಿಡಕ್ಕೆ ಸಾಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸೊಪ್ಪಿನ ಮಡಿಗೆ ಬಿಡಬಹುದು. ಸೋಪು ಬೆರೆತುದನ್ನು ಬಿಡಬಾರದು. ಅಂಗನವಾಡಿ, ಶಾಲೆಗಳ ಪೌಷ್ಟಿಕ ಕೈತೋಟ ರಜೆಯಲ್ಲಿ ಒಣಗುವುದು ನೀರಿಲ್ಲದೆ ಮಾತ್ರವಲ್ಲ, ನೀರು ಹಾಕುವವರನ್ನು ನಿಗದಿ ಮಾಡದೆ. ಆ ಹೊಣೆಯನ್ನು ಸ್ವಸಹಾಯ ಸಂಘವೊಂದಕ್ಕೆ ಬೆಳೆಯ ಹಕ್ಕಿನೊಡನೆ ವಹಿಸಿದರೆ ತೋಟ ಉಳಿಯುತ್ತದೆ.

ಪಂಚಾಯಿತಿ ಜಾಗದ ಹುಣಸೆ ಮರಗಳ ಫಸಲನ್ನು ಹರಾಜು ಮಾಡುವಲ್ಲಿ ಕೆಲವು ಮರಗಳನ್ನು ಊರಿನ ಮನೆಬಳಕೆಗೆಂದು ಬಿಟ್ಟುಕೊಡುವ ಷರತ್ತನ್ನು ಸೇರಿಸಿಕೊಳ್ಳಬಹುದು. ಚಿಗುರು, ಹೂವು ಹೆಚ್ಚು ಕಿತ್ತರೆ ಕಾಯಿ ಕಡಿಮೆಯಾಗುವುದು ನಿಜ. ಗುತ್ತಿಗೆದಾರರ ತಕರಾರೂ ಅದೇ. ಮರಗಳನ್ನು ಮೊದಲೇ ಗುರುತಿಸಿದರೆ ಜಗಳಕ್ಕೆ ಆಸ್ಪದವಿರುವುದಿಲ್ಲ. ಸಂತೆಕಟ್ಟೆಗೆ ನೆರಳು ಮಾಡುವುದೂ ಇದೇ ಸಾಲಿನ ಕೆಲಸ: ಬಿಸಿಲಿಗೆ ಹರಡಿದ ಸೊಪ್ಪು ಮಧ್ಯಾಹ್ನದೊಳಗೆ ಬಾಡುತ್ತದೆ, ಮಾರುವವಳು ಮುಂದಿನ ವಾರ ಸೊಪ್ಪು ತರುವುದಿಲ್ಲ.

ರಾಜಗಿರಿ, ಮೆಂತ್ಯ ಸೊಪ್ಪು ಬಿತ್ತಿದ ಸುಮಾರು 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಏಪ್ರಿಲ್ ಮೊದಲ ವಾರದ ಊಟಕ್ಕೆ ಸೊಪ್ಪು ಬೇಕಾದರೆ ಬೀಜ ವಿತರಣೆ ಮತ್ತು ಮಡಿ ಸಿದ್ಧತೆಯ ವಿಷಯವು ಫೆಬ್ರವರಿಯ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿಯೇ ಇರಬೇಕಾಗುತ್ತದೆ.