ವಾಣಿಜ್ಯ ನಿಯೋಗದೊಂದಿಗೆ ಪರದೇಶಕ್ಕೆ: ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು?

ದೂರದೇಶಕ್ಕೆ ದೀರ್ಘ ಪ್ರಯಾಣ ಹೊರಡುವವರು ತಮ್ಮೊಂದಿಗೆ ಏನನ್ನು ಒಯ್ಯಬೇಕು ಎಂಬ ಪ್ರಶ್ನೆ ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು ನೆಲೆಸಿ, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ತಮ್ಮ ಕೇಂದ್ರಗಳನ್ನು ತೆರೆದರು. ಸೂಯೆಜ್ ಕಾಲುವೆ ಸಂಚಾರಕ್ಕೆ ತೆರವಾದದ್ದು 1869ರಲ್ಲಿ. ಅದಕ್ಕೂ ಮೊದಲು ಯುರೋಪಿನಿಂದ ಇಲ್ಲಿಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಅವರ ಪ್ರಯಾಣದ ಉದ್ದೇಶ ಧರ್ಮಪ್ರಚಾರವಾಗಿದ್ದರೂ, ಅವರೊಂದಿಗೆ ಬಂದ ಕಸುಬುಗಳು ಈ ನಾಡಿನ ಉದ್ಯಮಕ್ಕೆ ದೊಡ್ಡ ಕೊಡುಗೆಯಾದವು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಅಲ್ಲಿಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮಂಗಳೂರು ಹೆಂಚಿನ ಉದ್ಯಮಕ್ಕೆ ಬುನಾದಿ ಬಿದ್ದದ್ದು ಹೀಗೆ.

ಇಂದು ಪ್ರಯಾಣದ ದಿಕ್ಕು ಬದಲಾಗಿದೆ. ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ಯಮಿಗಳೂ ಅಮರಗೋಳ ಮಾರುಕಟ್ಟೆಯ ವರ್ತಕರೂ ವಾಣಿಜ್ಯ ನಿಯೋಗಗಳೊಂದಿಗೆ ಕೊಲ್ಲಿ ರಾಷ್ಟ್ರಗಳು, ಆಫ್ರಿಕ ಹಾಗೂ ಯುರೋಪಿನತ್ತ ಮುಖಮಾಡುವ ಕಾಲವಿದು. ತಿಂಗಳುಗಳ ಪ್ರಯಾಣ ಗಂಟೆಗಳಿಗೆ ಇಳಿದಿದೆ. ಆದರೆ ಎರಡು-ಮೂರು ವಾರಗಳಲ್ಲಿ ಹಲವು ದೇಶ ಸುತ್ತುವ ನಿಯೋಗದ ಸದಸ್ಯನಿಗೆ ಪೆಟ್ಟಿಗೆಯ ಚಿಂತೆ ಕಡಿಮೆಯಾಗಿಲ್ಲ. ಬಟ್ಟೆಬರೆ ಮರೆತರೆ ಅಲ್ಲಿಯೇ ಕೊಳ್ಳಬಹುದು. ಮಾದರಿ ಸರಕು ಕಸ್ಟಮ್ಸ್ ಕಟ್ಟೆಯಲ್ಲಿ ನಿಂತುಹೋದರೆ ಮಳಿಗೆಯ ಬಾಡಿಗೆ, ವಿಮಾನದ ವೆಚ್ಚ, ಗ್ರಾಹಕನ ಭೇಟಿ ಮೂರೂ ವ್ಯರ್ಥ. ಆದ್ದರಿಂದ ಉದ್ಯಮಿಯು ತನ್ನ ಪೆಟ್ಟಿಗೆಯನ್ನು ಪ್ರವಾಸಿಯ ಪೆಟ್ಟಿಗೆಯೆಂದು ಭಾವಿಸದೆ ಒಂದು ಸಣ್ಣ ರಫ್ತು ಸರಕೆಂದೇ ಭಾವಿಸುವುದು ಒಳಿತು. ಒಳಗಿಡುವ ಪ್ರತಿಯೊಂದು ವಸ್ತುವಿನ ಬಗೆಗೂ ಅಧಿಕಾರಿ ಕೇಳಬಹುದಾದ ಪ್ರಶ್ನೆಗೆ ಉತ್ತರಿಸುವ ಕಾಗದ ಜೊತೆಯಲ್ಲಿರಬೇಕು.

ಮೊದಲು ಕಾಗದಪತ್ರ

ಸಿದ್ಧತೆಯನ್ನು ಕನಿಷ್ಠ ಎಂಟು ವಾರ ಮೊದಲೇ ಆರಂಭಿಸುವುದು ಯುಕ್ತ. ಪ್ರವೇಶದ ದಿನದಿಂದ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕೆಂದು ಅನೇಕ ರಾಷ್ಟ್ರಗಳು ಬಯಸುತ್ತವೆ. ಆಮದು-ರಫ್ತು ಸಂಕೇತ ಸಂಖ್ಯೆಯ ವಿವರಗಳನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ದೃಢೀಕರಿಸಬೇಕು. ತಪ್ಪಿದಲ್ಲಿ ಆ ಸಂಖ್ಯೆ ನಿಷ್ಕ್ರಿಯಗೊಳ್ಳುತ್ತದೆ. ಮೆಣಸಿನಕಾಯಿ ಮುಂತಾದ ಸಾಂಬಾರ ಪದಾರ್ಥಗಳ ರಫ್ತುದಾರರಿಗೆ ಸಾಂಬಾರ ಮಂಡಳಿಯ ನೋಂದಣಿ ಅವಶ್ಯ.

ಆಫ್ರಿಕಕ್ಕೆ ಹೊರಡುವವರು ಹಳದಿ ಜ್ವರದ ಲಸಿಕೆಯನ್ನು ಮರೆಯುವಂತಿಲ್ಲ. ಕೇಂದ್ರ ಸರ್ಕಾರವು ಅನುಮೋದಿಸಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವು ಲಸಿಕೆ ಹಾಕಿದ 10 ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ. 2016ರಿಂದ ಅದು ಜೀವನಪರ್ಯಂತ ಮಾನ್ಯ. ಕೀನ್ಯಾ, ಉಗಾಂಡ, ನೈಜೀರಿಯ, ಘಾನಾ ಮುಂತಾದ ದೇಶಗಳಿಂದ ಈ ಪತ್ರವಿಲ್ಲದೆ ಮರಳುವವರನ್ನು ಭಾರತದ ವಿಮಾನ ನಿಲ್ದಾಣದಲ್ಲಿಯೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಮಾದರಿ ಸರಕು: ಮಾರಾಟಕ್ಕೋ, ಮರಳಿ ತರಲೋ?

ಕಟ್ಟುವ ಮೊದಲು ಮಾದರಿಗಳನ್ನು ಎರಡು ಗುಂಪಾಗಿ ವಿಂಗಡಿಸಬೇಕು: ಅಲ್ಲಿಯೇ ಹಂಚಿ ಅಥವಾ ಉಪಯೋಗಿಸಿ ಮುಗಿಸುವಂಥವು, ತೋರಿಸಿ ಮರಳಿ ತರುವಂಥವು. ಈ ವಿಂಗಡಣೆ ಸರಿಯಾಗಿ ಆಗದಿದ್ದರೆ ಮುಂದಿನ ಎಲ್ಲ ಕಾಗದಗಳೂ ತಪ್ಪುತ್ತವೆ.

ಮರಳಿ ತರುವ ಯಂತ್ರಭಾಗ, ವಾಲ್ವ್, ಅಚ್ಚು, ಪ್ರದರ್ಶನ ಸಾಮಗ್ರಿಗಳಿಗೆ ಎಟಿಎ ಕಾರ್ನೆಟ್ ಎಂಬ ಅಂತಾರಾಷ್ಟ್ರೀಯ ದಸ್ತಾವೇಜು ಅನುಕೂಲಕರ. ವಾಣಿಜ್ಯ ಸಂಸ್ಥೆಗಳ ಪರಸ್ಪರ ಖಾತರಿಯ ಮೇಲೆ ನಡೆಯುವ ಈ ವ್ಯವಸ್ಥೆಯಲ್ಲಿ ಭಾರತದ ಪರವಾಗಿ ಫಿಕ್ಕಿ ಸಂಸ್ಥೆಯು ಕಾರ್ನೆಟ್ ನೀಡುತ್ತದೆ. ಅವಧಿ ಗರಿಷ್ಠ ಒಂದು ವರ್ಷ. ಇದಿದ್ದರೆ ಸದಸ್ಯ ರಾಷ್ಟ್ರಗಳಲ್ಲಿ ಆಮದು ಸುಂಕ ಕಟ್ಟದೆಯೇ, ಠೇವಣಿ ಇಡದೆಯೇ ಸರಕನ್ನು ತಾತ್ಕಾಲಿಕವಾಗಿ ಒಳತರಬಹುದು. ಯುರೋಪಿನ ರಾಷ್ಟ್ರಗಳು, ಸಂಯುಕ್ತ ಅರಬ್ ಸಂಸ್ಥಾನ, ಸಿಂಗಪುರ, ಚೀನ, ಅಮೆರಿಕ ಈ ವ್ಯವಸ್ಥೆಯಲ್ಲಿವೆ. ಆದರೆ ಯಾವ ಉದ್ದೇಶದ ಸರಕಿಗೆ ಕಾರ್ನೆಟ್ ಒಪ್ಪುತ್ತಾರೆಂಬುದು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಅರ್ಜಿ ಸಲ್ಲಿಸುವಾಗಲೇ ಅದನ್ನು ವಿಚಾರಿಸಬೇಕು. ಸದಸ್ಯರಲ್ಲದ ದೇಶಗಳಲ್ಲಿ ಸ್ಥಳೀಯ ನಿಯಮದಂತೆ ಠೇವಣಿ ಕೇಳಬಹುದು. ಅದಕ್ಕೆ ಹಣ ತೆಗೆದಿರಿಸಬೇಕು.

ಕಾರ್ನೆಟ್‌ನಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಮೊಹರು. ಭಾರತದಿಂದ ಹೊರಡುವಾಗ, ಆ ದೇಶವನ್ನು ಪ್ರವೇಶಿಸುವಾಗ, ಅಲ್ಲಿಂದ ಹೊರಡುವಾಗ, ಭಾರತಕ್ಕೆ ಮರಳುವಾಗ, ಹೀಗೆ ನಾಲ್ಕು ಕಡೆಯೂ ಕಸ್ಟಮ್ಸ್ ಮೊಹರು ಬೀಳಬೇಕು. ಒಂದು ತಪ್ಪಿದರೂ ಸರಕು ಆ ದೇಶದಲ್ಲಿಯೇ ಉಳಿಯಿತೆಂದು ಪರಿಗಣಿಸಿ ಸುಂಕ ಮತ್ತು ದಂಡವನ್ನು ಕಾರ್ನೆಟ್ ಪಡೆದವರಿಂದ ವಸೂಲು ಮಾಡಬಹುದು. ಕಾರ್ನೆಟ್‌ನಲ್ಲಿ ನಮೂದಿಸಿದ ವಸ್ತುವನ್ನು ಗ್ರಾಹಕನು ಎಷ್ಟೇ ಒತ್ತಾಯಿಸಿದರೂ ಅಲ್ಲಿಯೇ ಮಾರಿಬಿಡುವುದು ಅಪಾಯಕರ. ತಿಂದು ಮುಗಿಯುವ, ಹಂಚಿ ಖಾಲಿಯಾಗುವ ಪದಾರ್ಥಗಳಿಗೆ ಕಾರ್ನೆಟ್ ಅನ್ವಯಿಸುವುದಿಲ್ಲ.

ಹಂಚುವ ಮಾದರಿಗಳಿಗೆ ಪ್ರೊಫಾರ್ಮ ಇನ್‌ವಾಯ್ಸ್ ಬೇಕು. ಅದರಲ್ಲಿ ವಸ್ತುವಿನ ಹೆಸರು, ಸಂಖ್ಯೆ, ತೂಕ, ಎಚ್‌ಎಸ್ ಸಂಕೇತ, ಮೌಲ್ಯ ಸ್ಪಷ್ಟವಾಗಿರಲಿ. ಒಣಮೆಣಸಿನಕಾಯಿ 0904ರ ಅಡಿಯಲ್ಲಿಯೂ ವಾಲ್ವ್‌ಗಳು 8481ರ ಅಡಿಯಲ್ಲಿಯೂ ಬರುತ್ತವೆ. ಉಚಿತವಾಗಿ ಕೊಡುವ ಮಾದರಿಯೆಂದು ಮೌಲ್ಯವನ್ನು ಸೊನ್ನೆಯೆಂದು ಬರೆಯಬಾರದು. ನಿಜವಾದ ಬೆಲೆ ಬರೆದು, ಮಾರಾಟಕ್ಕಲ್ಲದ ಮಾದರಿಯೆಂದು ಕೆಳಗೆ ಸೂಚಿಸುವುದು ಸರಿಯಾದ ಕ್ರಮ. ಬ್ಯಾಡಗಿ ಮೆಣಸಿನಕಾಯಿಯಂಥ ಸರಕಿನ ಮಾದರಿಯೊಂದಿಗೆ ಬಣ್ಣದ ಪ್ರಮಾಣ, ಅಫ್ಲಾಟಾಕ್ಸಿನ್, ಕೀಟನಾಶಕ ಶೇಷಾಂಶಗಳ ಪ್ರಯೋಗಾಲಯ ವರದಿ ಇರಲಿ. ಯುರೋಪಿನ ಖರೀದಿದಾರನು ಮೆಣಸಿನಕಾಯಿಯ ಬಣ್ಣವನ್ನು ನೋಡುವ ಮೊದಲು ಈ ವರದಿಯನ್ನು ಕೇಳುತ್ತಾನೆ. ಮರದ ಪೆಟ್ಟಿಗೆಯಲ್ಲಿ ಸರಕು ಕಳುಹಿಸುವುದಾದರೆ ಮರವನ್ನು ಸಂಸ್ಕರಿಸಿದ ಗುರುತಾದ ಐಎಸ್‌ಪಿಎಂ-15 ಮುದ್ರೆ ಇರುವ ಪೆಟ್ಟಿಗೆಯನ್ನೇ ಬಳಸಬೇಕು.

ಮನೆಯ ಬುತ್ತಿಯಲ್ಲಿರುವ ಅಪಾಯ

ದೀರ್ಘ ಪ್ರಯಾಣಕ್ಕೆ ಹೊರಟವರಿಗೆ ಮನೆಯವರು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಸಾಲೆಪುಡಿ, ಪೇಢೆ ಕಟ್ಟಿಕೊಡುವುದು ನಮ್ಮ ಭಾಗದ ವಾಡಿಕೆ. ಪ್ರೀತಿಯಿಂದ ಕಟ್ಟಿಕೊಟ್ಟ ಬುತ್ತಿಯೇ ಕೆಲವೊಮ್ಮೆ ತೊಡಕಿಗೆ ಕಾರಣವಾಗುತ್ತದೆ. ನಮ್ಮಲ್ಲಿ ಹಬ್ಬದ ಪಾಯಸಕ್ಕೂ ಮಸಾಲೆಗೂ ಬಳಸುವ ಗಸಗಸೆಯು ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ ಮುಂತಾದ ಕೊಲ್ಲಿ ರಾಷ್ಟ್ರಗಳಲ್ಲಿಯೂ ಸಿಂಗಪುರದಲ್ಲಿಯೂ ನಿಷಿದ್ಧ. ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ ಅದನ್ನು ಮಾದಕ ದ್ರವ್ಯದ ಸಾಲಿನಲ್ಲಿ ಎಣಿಸಲಾಗುತ್ತದೆ. ಅಡುಗೆಯ ಪದಾರ್ಥವೆಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಮನೆಯ ಮಸಾಲೆಪುಡಿಯಲ್ಲಿ ಗಸಗಸೆ ಬೆರೆತಿದೆಯೇ ಎಂಬುದನ್ನು ಕೇಳಿ ತಿಳಿಯಬೇಕು. ವೀಳ್ಯದೆಲೆ ಮತ್ತು ಪಾನ್ ಸಾಮಗ್ರಿಗಳೂ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷೇಧಿತ. ಊಟದ ನಂತರ ಎಲೆ-ಅಡಿಕೆ ಹಾಕುವ ರೂಢಿಯುಳ್ಳವರು ಜೇಬು, ಕೈಚೀಲಗಳನ್ನು ಒಮ್ಮೆ ಜಾಡಿಸಿ ನೋಡುವುದು ಕ್ಷೇಮ.

ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ಒಯ್ಯುವಂತಿಲ್ಲ. ಭೌಗೋಳಿಕ ಗುರುತು ಪಡೆದ ಧಾರವಾಡ ಪೇಢೆಯನ್ನು ಗ್ರಾಹಕನಿಗೆ ಉಡುಗೊರೆಯಾಗಿ ಕೊಡುವ ಆಸೆ ಸಹಜ. ಆದರೆ ಯುರೋಪಿಗೆ ಹೊರಟವರು ಅದರ ಬದಲು ಕಸೂತಿಯ ಬಟ್ಟೆಯನ್ನೋ ನವಲಗುಂದದ ಸಣ್ಣ ಜಮಖಾನೆಯನ್ನೋ ಆರಿಸಿಕೊಳ್ಳಬಹುದು. ಆಸ್ಟ್ರೇಲಿಯಕ್ಕೆ ಹೋಗುವವರು ಯಾವುದೇ ಆಹಾರವಿದ್ದರೂ ಪ್ರವೇಶ ಪತ್ರದಲ್ಲಿ ಘೋಷಿಸಬೇಕು. ಮುಚ್ಚಿಟ್ಟರೆ ಸ್ಥಳದಲ್ಲಿಯೇ ದಂಡ ಬೀಳುತ್ತದೆ.

ವಿಮಾನದ ನಿಯಮಗಳು ಬೇರೆ. ಖಾರದಪುಡಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿಡಬೇಕು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಾಗಿದ್ದು ತಾನಾಗಿಯೇ ಬಿಸಿಯೇರುವ ಗುಣವಿರುವುದರಿಂದ ಅದು ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಅದನ್ನು ಮನೆಯಲ್ಲಿಯೇ ಬಿಡುವುದು ಲೇಸು. ಕೈಚೀಲದಲ್ಲಿನ ದ್ರವಪದಾರ್ಥದ ಪ್ರತಿ ಸೀಸೆಯೂ 100 ಮಿ.ಲೀ. ಮೀರಬಾರದು.

ಔಷಧ, ವಿದ್ಯುತ್, ಹಣ

ನಿತ್ಯದ ಔಷಧಗಳನ್ನು ಪ್ರಯಾಣದ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಆಗುವಷ್ಟು ಒಯ್ಯಬೇಕು. ಡಬ್ಬಿಗೆ ಸುರಿಯದೆ ಮೂಲ ಪಟ್ಟಿಯಲ್ಲಿಯೇ ಇರಿಸಿ, ಔಷಧದ ಮೂಲನಾಮವಿರುವ ವೈದ್ಯರ ಚೀಟಿಯನ್ನು ಜೊತೆಗಿಡಬೇಕು. ಇಲ್ಲಿ ಸಾಮಾನ್ಯವಾಗಿ ಬರೆದುಕೊಡುವ ಟ್ರಮಡಾಲ್, ಕೊಡೀನ್, ಆಲ್‌ಪ್ರಜೋಲಮ್‌ನಂಥವು ಕೊಲ್ಲಿ ರಾಷ್ಟ್ರಗಳಲ್ಲಿ ನಿಯಂತ್ರಿತ ಔಷಧಗಳು. ಅಲ್ಲಿಯ ಆರೋಗ್ಯ ಅಧಿಕಾರಿಗಳ ಪೂರ್ವಾನುಮತಿ ಇಲ್ಲದೆ ಒಯ್ದವರು ಬಂಧನಕ್ಕೆ ಒಳಗಾಗುವ ಸಂಭವವಿದೆ. ಇನ್ಸುಲಿನ್ ಅನ್ನು ಕೈಚೀಲದಲ್ಲಿಯೇ ಇರಿಸಬೇಕು. ವಿಮಾನದ ಸರಕು ಕೋಣೆಯ ಶೀತಕ್ಕೆ ಅದು ಕೆಡಬಹುದು.

ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ ಇರಬೇಕು. 100 ವ್ಯಾಟ್-ಗಂಟೆಯವರೆಗಿನದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ; 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಗಂಟೆಯದು. ಎಮಿರೇಟ್ಸ್ ಸಂಸ್ಥೆಯು 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಅದರ ಬಳಕೆಯನ್ನೇ ನಿಷೇಧಿಸಿದೆ. ದುಬೈ, ನೈರೋಬಿ, ಲಂಡನ್‌ಗಳಲ್ಲಿ ಮೂರು ಚಪ್ಪಟೆ ಕಡ್ಡಿಗಳ ಪ್ಲಗ್ಗು ಬಳಕೆಯಲ್ಲಿದೆ. ಯುರೋಪಿನ ಬಹುತೇಕ ಕಡೆ ಎರಡು ದುಂಡು ಕಡ್ಡಿಗಳದು. ಅಮೆರಿಕದಲ್ಲಿ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್ ಆಗಿರುವುದರಿಂದ ನಮ್ಮ 230 ವೋಲ್ಟ್ ಮೋಟಾರಿನ ಯಂತ್ರವನ್ನು ಅಲ್ಲಿ ಹಾಗೆಯೇ ಚಾಲನೆ ಮಾಡಿ ತೋರಿಸಲಾಗದು. ಯಂತ್ರ ಓಡುವ ಚಿತ್ರಣವನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋಗುವುದು ಸುಲಭದ ಉಪಾಯ.

ವಿದೇಶಿ ನೋಟುಗಳನ್ನು ಸಾಮಾನ್ಯವಾಗಿ ಒಂದು ಭೇಟಿಗೆ 3,000 ಅಮೆರಿಕನ್ ಡಾಲರ್‌ವರೆಗೆ ಮಾತ್ರ ಒಯ್ಯಬಹುದು. ಉಳಿದ ಮೊತ್ತ ಫಾರೆಕ್ಸ್ ಕಾರ್ಡಿನಲ್ಲಿರಲಿ. ಭಾರತದ ನೋಟುಗಳಿಗೆ ಮಿತಿ 25,000 ರೂಪಾಯಿ. ಮರಳುವಾಗ ವಿದೇಶಿ ನೋಟುಗಳು 5,000 ಡಾಲರ್ ಮೀರಿದರೆ, ಅಥವಾ ಒಟ್ಟು ವಿದೇಶಿ ವಿನಿಮಯ 10,000 ಡಾಲರ್ ಮೀರಿದರೆ ಕಸ್ಟಮ್ಸ್‌ಗೆ ಘೋಷಿಸಬೇಕು. ಮಳಿಗೆಯಲ್ಲಿ ಮುಂಗಡ ಹಣ ಕೈಗೆ ಬಂದರೆ ಈ ನಿಯಮ ನೆನಪಿನಲ್ಲಿರಲಿ.

ಹುಬ್ಬಳ್ಳಿಯಿಂದ ಹೊರಡುವವರ ಲೆಕ್ಕ

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೇಶದೊಳಗಿನ ವಿಮಾನಗಳು ಮಾತ್ರ ಹಾರುತ್ತವೆ. ಬೆಂಗಳೂರು ಅಥವಾ ಮುಂಬಯಿಯಲ್ಲಿ ವಿಮಾನ ಬದಲಿಸಬೇಕಾಗುವುದರಿಂದ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಮೊದಲನೆಯದು ತೂಕ: ದೇಶೀಯ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕಿ.ಗ್ರಾಂ. ಮಾತ್ರ ಉಚಿತ. ಎರಡು ಟಿಕೆಟ್ಟುಗಳನ್ನು ಬೇರೆಬೇರೆಯಾಗಿ ಕೊಂಡರೆ ವಿದೇಶಿ ವಿಮಾನದ ಹೆಚ್ಚಿನ ರಿಯಾಯತಿ ಹುಬ್ಬಳ್ಳಿಯಲ್ಲಿ ಅನ್ವಯಿಸುವುದಿಲ್ಲ. ಎರಡನೆಯದು ಸಮಯ: ಕಾರ್ನೆಟ್‌ಗೆ ಮೊಹರು ಹಾಕಿಸುವ ಕೆಲಸ ವಿದೇಶಕ್ಕೆ ಹೊರಡುವ ನಿಲ್ದಾಣದಲ್ಲಿ ನಡೆಯುತ್ತದೆ, ಅಧಿಕಾರಿ ಸರಕನ್ನು ಕಣ್ಣಾರೆ ನೋಡಬೇಕಾಗುವುದರಿಂದ ಪೆಟ್ಟಿಗೆಯನ್ನು ವಿಮಾನ ಸಂಸ್ಥೆಗೆ ಒಪ್ಪಿಸುವ ಮೊದಲೇ ಕಸ್ಟಮ್ಸ್ ಕಚೇರಿಗೆ ಹೋಗಬೇಕು. ಆದ್ದರಿಂದ ಹಿಂದಿನ ದಿನವೇ ಆ ನಗರವನ್ನು ತಲುಪುವುದು ಜಾಣತನ.

ಬೆಲೆಪಟ್ಟಿ, ಪರಿಚಯಪತ್ರ, ತಾಂತ್ರಿಕ ವಿವರಗಳ ಒಂದೊಂದು ಪ್ರತಿ, ಒಂದು ಜೊತೆ ಉಡುಪು, ಒಂದೆರಡು ಮುಖ್ಯ ಮಾದರಿಗಳು ಕೈಚೀಲದಲ್ಲಿದ್ದರೆ ದೊಡ್ಡ ಪೆಟ್ಟಿಗೆ ಎರಡು ದಿನ ತಡವಾಗಿ ಬಂದರೂ ವ್ಯವಹಾರ ನಿಲ್ಲುವುದಿಲ್ಲ. ಎಲ್ಲ ಕಾಗದಗಳ ಒಂದು ಪ್ರತಿಯನ್ನು ಕಾರ್ಖಾನೆಯಲ್ಲಿರುವ ಜವಾಬ್ದಾರಿಯುತ ವ್ಯಕ್ತಿಯ ಬಳಿ ಬಿಟ್ಟು ಹೊರಡಬೇಕು. ನಿಯೋಗಕ್ಕೆ ಸರ್ಕಾರದ ನೆರವು ದೊರೆಯುವುದಿದ್ದರೆ ಬೋರ್ಡಿಂಗ್ ಪಾಸ್, ಟಿಕೆಟ್, ಮಳಿಗೆಯ ರಸೀದಿಗಳನ್ನು ಮರಳುವವರೆಗೆ ಜೋಪಾನ ಮಾಡಬೇಕು.

ಸಣ್ಣ ಉದ್ಯಮಿಗೆ ಇಂಥ ಅವಕಾಶ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ಹೊರಡುವ ವಾರ ಮೊದಲು ಪೆಟ್ಟಿಗೆಯ ಎಲ್ಲ ವಸ್ತುಗಳನ್ನೂ ಹೊರಗೆ ಹರಡಿ, ಇನ್‌ವಾಯ್ಸ್ ಹಿಡಿದು ಒಂದೊಂದಾಗಿ ತಾಳೆ ನೋಡುವುದಕ್ಕೆ ಎರಡು ಗಂಟೆ ಸಾಕು. ಪಟ್ಟಿಯಲ್ಲಿಲ್ಲದ ವಸ್ತು ಪೆಟ್ಟಿಗೆಯಲ್ಲಿ ಬೇಡ. ಕಾಗದವಿಲ್ಲದ ವಸ್ತು ಪಟ್ಟಿಯಲ್ಲಿ ಬೇಡ. ಈ ಎರಡನ್ನು ಪಾಲಿಸಿದ ಉದ್ಯಮಿಯು ಪರದೇಶದಲ್ಲಿ ಕಳೆಯುವ ದಿನಗಳನ್ನು ಕಸ್ಟಮ್ಸ್ ಕಚೇರಿಯ ಬಾಗಿಲಲ್ಲಿ ಕಳೆಯದೆ ಗ್ರಾಹಕರ ಎದುರಿನಲ್ಲಿ ಕಳೆಯಬಹುದು.